ತಪ್ಪು ಕಾಣದ ಎರಡು ತಿಂಗಳು

ಆ ಸಮವಸ್ತ್ರದ ಕಾರ್ಖಾನೆಯಲ್ಲಿ ನಲವತ್ತೆರಡು ಹೊಲಿಗೆ ಯಂತ್ರಗಳಿದ್ದವು. ಅವುಗಳ ಮುಂದೆ ಕೂರುವ ನಲವತ್ತೆರಡು ಹೆಂಗಸರು ಮಾಲೀಕನಿಗೆ ಹೆದರುತ್ತಿರಲಿಲ್ಲ, ಏಕೆಂದರೆ ಅವನು ವರ್ಷಕ್ಕೆ ಎರಡೇ ಬಾರಿ ಬರುತ್ತಿದ್ದ. ಮ್ಯಾನೇಜರಿಗೂ ಹೆದರುತ್ತಿರಲಿಲ್ಲ, ಏಕೆಂದರೆ ಅವನು ದಿನವೂ ಬರುತ್ತಿದ್ದ. ಅವರು ಹೆದರುತ್ತಿದ್ದುದು ಹಜಾರದ ತುದಿಯಲ್ಲಿ, ಎರಡು ಟ್ಯೂಬ್‌ಲೈಟುಗಳ ಕೆಳಗೆ, ಉದ್ದನೆಯ ಮೇಜಿನ ಹಿಂದೆ ನಿಂತೇ ಕೆಲಸ ಮಾಡುವ ಚೆಕ್ಕರಮ್ಮನಿಗೆ.

ಹೊಲಿದು ಬಂದ ಬಟ್ಟೆಯಲ್ಲಿ ತಪ್ಪು ಹುಡುಕುವುದು ಚೆಕ್ಕರಮ್ಮನ ಉದ್ಯೋಗ. ಆಸ್ಪತ್ರೆಯ ಬಿಳಿ ಕೋಟಾಗಲಿ, ಹೋಟೆಲಿನವರ ಅಂಗಿಯಾಗಲಿ, ಶಾಲಾಮಕ್ಕಳ ಚಡ್ಡಿಯಾಗಲಿ, ಮೊದಲು ಕಾಲರು, ಆಮೇಲೆ ಭುಜದ ಜೋಡಣೆ, ತೋಳು, ಪಕ್ಕದ ಹೊಲಿಗೆ, ಜೇಬು, ಗುಂಡಿ ಮತ್ತು ಕಾಜ, ಕಡೆಗೆ ಅಂಚಿನ ಮಡಿಕೆ. ಇಷ್ಟೂ ಆದ ಮೇಲೆ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಮತ್ತೊಮ್ಮೆ ಅದೇ ಕ್ರಮ. ತಪ್ಪು ಕಂಡ ಜಾಗಕ್ಕೆ ಒಂದು ಗೇಣು ಕೆಂಪು ದಾರ ಕಟ್ಟಿ ಬುಟ್ಟಿಗೆ ಎಸೆದರೆ ಮುಗಿಯಿತು, ಆ ಬಟ್ಟೆ ಹೊಲಿದವಳ ಬಳಿಗೇ ಹೋಗಿ ಬಿಚ್ಚಿಸಿಕೊಂಡು ಮರುಹುಟ್ಟು ಪಡೆಯಬೇಕು. ಹತ್ತೊಂಬತ್ತು ವರ್ಷಗಳಲ್ಲಿ ದಿನಕ್ಕೆ ಮೂವತ್ತರ ಆಸುಪಾಸಿನಲ್ಲಿ ಕೆಂಪು ದಾರ ಬೀಳದೆ ಸಂಜೆಯಾದದ್ದಿಲ್ಲ.

ಮನೆಯಲ್ಲೂ ಅವಳದು ಅದೇ ಕಣ್ಣು. ತರಕಾರಿಯವನ ತಕ್ಕಡಿಯ ಮುಳ್ಳು, ಕಾಲೇಜಿಗೆ ಹೋಗುವ ಮಗಳು ಮನೆಗೆ ಬಂದ ಗಂಟೆ, ಅತ್ತೆ ಒಂದೇ ಕಥೆಯನ್ನು ಎರಡನೆಯ ಬಾರಿ ಹೇಳುವಾಗ ಅದರಲ್ಲಿ ಸೇರಿಕೊಂಡ ಹೊಸ ಸಂಗತಿ, ಯಾವುದೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಗಂಡ ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಗುರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಗೆ ಬೇರೆಯೇ ಒಂದು ಬ್ರೇಕನ್ನು ಇಟ್ಟುಕೊಂಡು ಇಪ್ಪತ್ತು ವರ್ಷ ಕಳೆದವನಾದ್ದರಿಂದ, ಎದುರಿಗಿನವರು ಜೋರಾಗಿ ಮಾತನಾಡಿದರೆ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಆ ಮನೆಯ ನೆಲದಲ್ಲಿ ಅವನ ಕುರ್ಚಿಯ ಮುಂದೆ ಒಂದು ಕಡೆ ಬಣ್ಣ ಸವೆದಿತ್ತು.

ಕಾರ್ಖಾನೆಯಲ್ಲಿ ಅವಳಿಗೆ ಸರಿಸಮನಾಗಿ ನಿಂತು ಜಗಳವಾಡುತ್ತಿದ್ದವಳು ಒಬ್ಬಳೇ, ಹನ್ನೊಂದನೆಯ ಯಂತ್ರದವಳು. ಅಲ್ಲಿ ಎಲ್ಲರನ್ನೂ ಯಂತ್ರದ ಸಂಖ್ಯೆಯಿಂದಲೇ ಕರೆಯುವ ರೂಢಿ. ಹನ್ನೊಂದು ಕೈಚುರುಕಿನವಳು, ಬಾಯಿಚುರುಕಿನವಳು, ಮತ್ತು ಈ ಎರಡು ಚುರುಕುಗಳ ನಡುವೆ ಹೊಲಿಗೆ ಕೊಂಚ ಓರೆಯಾಗುತ್ತದೆಂಬುದು ಚೆಕ್ಕರಮ್ಮನ ಹನ್ನೆರಡು ವರ್ಷಗಳ ಅಭಿಪ್ರಾಯ.

“ಮೇಡಮ್ಮೋರೇ, ಇದರಲ್ಲಿ ತಪ್ಪು ಕಂಡಿದ್ದು ಕಣ್ಣಿಗೋ, ಹೊಟ್ಟೆಕಿಚ್ಚಿಗೋ?” ಎಂದು ಅವಳು ಕೆಂಪು ದಾರದ ಅಂಗಿಯನ್ನು ಮೇಜಿನ ಮೇಲೆ ಕುಕ್ಕುವಳು.

“ಇಂಚಿಗೆ ಹನ್ನೆರಡು ಹೊಲಿಗೆ ಬೇಕು, ಹನ್ನೊಂದು. ನೀನು ನಿನ್ನ ನಂಬರಿನಷ್ಟೇ ಹಾಕಿದೀಯ. ಬಿಚ್ಚು” ಎಂದು ಚೆಕ್ಕರಮ್ಮ ತಲೆಯೆತ್ತದೆ ಉತ್ತರಿಸುವಳು.

ಇಂಥವಳಲ್ಲಿ ಬದಲಾವಣೆ ಎಂದು ಶುರುವಾಯಿತೆಂಬುದನ್ನು ದಿನಾಂಕ ಹಾಕಿ ಹೇಳುವುದು ಕಷ್ಟ. ಆ ವರ್ಷ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರ ಕೆಲಸವೂ ಹೋಗಿರಲಿಲ್ಲ, ಮಗಳು ಪಾಸಾಗಿದ್ದಳು, ಸೋರುತ್ತಿದ್ದ ಸ್ನಾನದ ಮನೆಯ ನಲ್ಲಿಯೂ ರಿಪೇರಿಯಾಗಿತ್ತು. ದುಃಖಿಸಲು ಒಂದು ನೆಪವೂ ಇಲ್ಲದ ಮನೆಯಲ್ಲಿ ಚೆಕ್ಕರಮ್ಮ ಬೆಳಗಿನ ಜಾವ ಮೂರೂವರೆಗೆ ಎಚ್ಚರಗೊಳ್ಳತೊಡಗಿದಳು. ಎದ್ದರೆ ಮೈಯೆಲ್ಲ ಯಾರೋ ಹಿಂದಿನ ದಿನ ಹೊರಿಸಿದ ಮೂಟೆಯನ್ನು ಇಳಿಸಿಯೇ ಇಲ್ಲವೆಂಬಂತೆ ಭಾರ. ತುತ್ತು ಬಾಯಿಗಿಟ್ಟರೆ ಉಪ್ಪು, ಹುಳಿ, ಖಾರ ಎಲ್ಲವೂ ಒಂದೇ. ಮೇಜಿನ ಮುಂದೆ ನಿಂತರೆ ಹೊಲಿಗೆ ಕಾಣುತ್ತಿತ್ತು. ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬೇಕಾದದ್ದು ಮಾತ್ರ ಒಳಗಿನಿಂದ ಎದ್ದು ಬರುತ್ತಿರಲಿಲ್ಲ. ಕೈಗೆ ಬಂದ ಬಟ್ಟೆಯನ್ನು ನೋಡುತ್ತ, ಇದನ್ನು ವಾಪಸು ಕಳಿಸಿದರೆ ಒಬ್ಬಳು ಬಿಚ್ಚಬೇಕು, ಹೊಲಿಯಬೇಕು, ನನ್ನಿಂದ ಎಷ್ಟು ಜನಕ್ಕೆ ಎಷ್ಟು ವರ್ಷದ ಕಾಟ, ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುತ್ತಿರುವಾಗಲೇ ಆ ಬಟ್ಟೆ ಪಾಸಾದ ರಾಶಿಗೆ ಸೇರುತ್ತಿತ್ತು.

ಮನೆಯವರು ಈ ಬದಲಾವಣೆಯನ್ನು ಗಮನಿಸಲಿಲ್ಲವೆಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಎಲ್ಲರೂ ಗಮನಿಸಿದರು, ಗಮನಿಸಿ ಸಂತೋಷಪಟ್ಟರು.

ಅತ್ತೆ ತಮ್ಮ ತಂಗಿಗೆ ಫೋನ್ ಮಾಡಿ, ಬಾಗಿಲು ಹಾಕಿಕೊಳ್ಳುವ ಅಗತ್ಯವೂ ಇಲ್ಲದೆ, “ನನ್ನ ಸೊಸೆ ಈಗ ಚಿನ್ನ ಕಣೇ. ಮೊದಲಿನ ಹಾಗೆ ಮಾತಿಗೆ ಮಾತು ಇಲ್ಲ. ನಾನು ಒಂದಂದ್ರೆ ಒಂದು, ಹತ್ತಂದ್ರೆ ಹತ್ತು. ತೂಕಾನೂ ಇಳಿದು ಲಕ್ಷಣವಾಗಿದಾಳೆ. ವಯಸ್ಸಾದ ಮೇಲೆ ಬುದ್ಧಿ ಬರುತ್ತೆ ಅಂತಾರಲ್ಲ, ಅದು ಸುಳ್ಳಲ್ಲ” ಎಂದರು. ಆ ತಂಗಿ ತನ್ನ ಸೊಸೆಗೆ ವಯಸ್ಸಾಗುವುದು ಯಾವಾಗ ಎಂದು ನಿಟ್ಟುಸಿರಿಟ್ಟರು.

ಮೂರೂವರೆಗೆ ಏಳುವ ಸುದ್ದಿ ಗಂಡನಿಗೆ ಬಲು ಮೆಚ್ಚುಗೆಯಾಯಿತು. “ದೊಡ್ಡವರೆಲ್ಲ ಆ ಹೊತ್ತಿಗೇ ಏಳೋದು. ನಾನು ಇಪ್ಪತ್ತು ವರ್ಷದಿಂದ ಹೇಳ್ತಾ ಬಂದೆ, ಈಗ ತಲೆಗೆ ಹೋಯ್ತು ನೋಡು” ಎಂದ. ಅವನು ಸಂಜೆ ತಡವಾಗಿ ಬಂದರೂ ಪ್ರಶ್ನೆ ಇರಲಿಲ್ಲ. ನೆಲವನ್ನು ಒತ್ತಬೇಕಾದ ಸಂದರ್ಭವೇ ಬಾರದೆ ಅವನ ಬಲಗಾಲಿಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ವಿಶ್ರಾಂತಿ ಸಿಕ್ಕಿತು. ಮಗಳು ಗೆಳತಿಯರ ಜೊತೆ ಪ್ರವಾಸಕ್ಕೆ ಕೇಳಿದಳು. ಯಾರು, ಎಲ್ಲಿ, ಯಾವ ಬಸ್ಸು ಎಂಬ ವಿಚಾರಣೆಗೆ ಸಿದ್ಧಪಡಿಸಿಕೊಂಡಿದ್ದ ಉತ್ತರಗಳೆಲ್ಲ ವ್ಯರ್ಥವಾದವು. ಅಮ್ಮ “ಹೋಗಿ ಬಾ” ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಗಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಅವಳಿಗೆ ಏನೋ ಸರಿಯಿಲ್ಲವೆನ್ನಿಸಿತು, ಆದರೆ ಅನುಮತಿ ಸಿಕ್ಕ ಮೇಲೆ ಕೆದಕುವಷ್ಟು ಪೆದ್ದಿ ಅವಳಲ್ಲ.

ಕಾರ್ಖಾನೆಯ ಆನಂದಕ್ಕಂತೂ ನಕ್ಷೆಯೇ ಇತ್ತು. ಮ್ಯಾನೇಜರು ತನ್ನ ಕೋಣೆಯ ಗೋಡೆಯ ಮೇಲೆ ದಿನದಿನದ ಕೆಂಪು ದಾರಗಳ ಲೆಕ್ಕವನ್ನು ಗೆರೆಯಾಗಿ ಎಳೆಯುತ್ತಿದ್ದ. ಮೂವತ್ತರ ಮಟ್ಟದಲ್ಲಿ ಹತ್ತೊಂಬತ್ತು ವರ್ಷ ಓಡಿದ ಗೆರೆ ಇಪ್ಪತ್ತಕ್ಕಿಳಿಯಿತು, ಒಂಬತ್ತಕ್ಕಿಳಿಯಿತು, ಐದನೆಯ ವಾರದ ಗುರುವಾರ ಸೊನ್ನೆಯನ್ನು ಮುಟ್ಟಿ ಅಲ್ಲಿಯೇ ಮಲಗಿತು. ತಾನು ಕೊಡಿಸಿದ ಹೊಸ ಸೂಜಿಗಳೇ ಇದಕ್ಕೆ ಕಾರಣವೆಂದು ಅವನು ಮಾಲೀಕನಿಗೆ ಬರೆದ. ಆ ಗೆರೆ ಎರಡು ತುದಿಗಳ ನಡುವೆ ಇದೆ, ಒಂದು ತುದಿಯಲ್ಲಿ ಹೊಲಿಯುವವರು, ಇನ್ನೊಂದರಲ್ಲಿ ನೋಡುವವಳು, ಆ ತುದಿ ಸುಧಾರಿಸಿದರೂ ಈ ತುದಿ ಕೆಟ್ಟರೂ ಗೆರೆ ಒಂದೇ ರೀತಿ ಇಳಿಯುತ್ತದೆ ಎಂಬ ಯೋಚನೆ ಅವನ ಬಳಿ ಸುಳಿಯಲಿಲ್ಲ. ಒಳ್ಳೆಯ ಸುದ್ದಿಯನ್ನು ಒಳಮೈ ಹೊರಗೆ ಮಾಡಿ ನೋಡುವ ಪದ್ಧತಿ ಆಡಳಿತದಲ್ಲಿ ಇಲ್ಲ.

ಅದೇ ಉತ್ಸಾಹದಲ್ಲಿ ಅವನು ಏಳನೆಯ ವಾರವನ್ನು ‘ಸಂತೋಷ ಸಪ್ತಾಹ’ವೆಂದು ಘೋಷಿಸಿದ. ತರಬೇತುದಾರನೊಬ್ಬ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೈ ಮೇಲೆತ್ತಿಸಿ, ಮೂರು ನಿಮಿಷ ಕಾರಣವಿಲ್ಲದೆ ನಗಿಸಿದ. ನಗು ಮುಗಿದ ಮೇಲೆ ಒಂದೊಂದು ಹಾಳೆ ಹಂಚಿದ. ಆ ಹಾಳೆಯನ್ನು ಅವನು ಎಲ್ಲಿಂದಲೋ ನಕಲು ಮಾಡಿ ತಂದಿದ್ದನೇ ಹೊರತು ಓದಿರಲಿಲ್ಲ. ಅದರಲ್ಲಿ ಒಂಬತ್ತು ಪ್ರಶ್ನೆಗಳಿದ್ದವು. ಕಳೆದ ಹದಿನೈದು ದಿನಗಳಲ್ಲಿ ಮೊದಲು ಹಿಡಿಸುತ್ತಿದ್ದ ಕೆಲಸಗಳು ಬೇಡವೆನಿಸಿವೆಯೇ? ಮನಸ್ಸು ಕುಗ್ಗಿದೆಯೇ? ನಿದ್ದೆ ಕೆಟ್ಟಿದೆಯೇ? ದಣಿವೇ? ಹಸಿವಿನಲ್ಲಿ ಬದಲಾವಣೆಯೇ? ನಾನು ಯಾವುದಕ್ಕೂ ಬಾರದವಳು ಎನಿಸಿದೆಯೇ? ಗಮನ ನಿಲ್ಲುತ್ತಿಲ್ಲವೇ? ಮಾತು, ನಡೆ ನಿಧಾನವಾಗಿವೆಯೇ? ಒಂಬತ್ತನೆಯದು: ನಾನಿಲ್ಲದಿದ್ದರೇ ಚೆನ್ನಾಗಿತ್ತು ಎನಿಸಿದೆಯೇ?

ಇದ್ದದ್ದಕ್ಕೆ ಗುರುತು ಹಾಕುವುದು ಚೆಕ್ಕರಮ್ಮನ ಕೈಗೆ ಅಂಟಿದ ವೃತ್ತಿ. ಅವಳು ಒಂಬತ್ತಕ್ಕೂ ‘ಹೌದು’ ಎಂಬ ಚೌಕದಲ್ಲಿ, ಒಂದೇ ಎತ್ತರದ ಒಂಬತ್ತು ಗುರುತುಗಳನ್ನು ಹಾಕಿ, ಕೆಳಗೆ ಸಹಿ ಮಾಡಿ ಕೊಟ್ಟಳು. ಕೊಟ್ಟ ಮೇಲೆ ಎರಡು ದಿನ ಅವಳೊಳಗೆ ಒಂದು ಸಣ್ಣ ನಿರೀಕ್ಷೆ ಇತ್ತು. ಯಾರಾದರೂ ಕರೆಯುತ್ತಾರೆ, ಇದೇನಮ್ಮಾ ಹೀಗೆ ಬರೆದಿದ್ದೀಯ ಎನ್ನುತ್ತಾರೆ, ಬೈದರೂ ಸರಿಯೇ.

ಕರೆದದ್ದು ನಿಜ. ಖಾಲಿ ಚೌಕವನ್ನು ಕಂಡರೆ ಮ್ಯಾನೇಜರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬಟ್ಟೆಯ ಕಟ್ಟಿಗೆ ಅಂಟಿಸುವ ಚೀಟಿಯಾಗಲಿ, ಹಾಜರಿ ಪುಸ್ತಕವಾಗಲಿ, ಅವನು ನೋಡುತ್ತಿದ್ದುದು ಚೌಕ ತುಂಬಿದೆಯೇ ಎಂದಷ್ಟೇ. ಉಳಿದವರು ಅರ್ಧ ಬಿಟ್ಟಿದ್ದರು, ಎರಡೂ ಕಡೆ ಗುರುತು ಹಾಕಿದ್ದರು, ಇಬ್ಬರು ಹೂವು ಬರೆದಿದ್ದರು. ಅವನು ಚೆಕ್ಕರಮ್ಮನನ್ನು ಎಲ್ಲರೆದುರು ಕರೆದು ನಿಲ್ಲಿಸಿ, ಅವಳ ಹಾಳೆಯನ್ನು ಎತ್ತಿ ಹಿಡಿದು, “ನೋಡಿ, ಒಂದು ಫಾರಂ ತುಂಬೋದು ಅಂದ್ರೆ ಹೀಗೆ! ಒಂದು ಚೌಕ ಖಾಲಿ ಇಲ್ಲ, ಒಂದೂ ಹೊಡೆದುಹಾಕಿ ಬರೆದಿಲ್ಲ” ಎಂದು ಸಾರಿದ. ಮರುದಿನ ಅದು ಟೀ ಕುಡಿಯುವ ಜಾಗದ ನೋಟಿಸ್ ಬೋರ್ಡಿನಲ್ಲಿ, ‘ಮಾದರಿ’ ಎಂಬ ದಪ್ಪ ಅಕ್ಷರದ ಕೆಳಗೆ, ನಾಲ್ಕು ಮೊಳೆ ಹೊಡೆಸಿಕೊಂಡು ನಿಂತಿತು. ಅದನ್ನು ಕಂಡು ಚೆಕ್ಕರಮ್ಮನಿಗೆ ಅಳುವೂ ಬರಲಿಲ್ಲ. ಇದೂ ಪಾಸಾಯಿತು, ಅಂದುಕೊಂಡಳು.

ಆಮೇಲಿನ ದಿನಗಳಲ್ಲಿ ಅವಳ ಅಚ್ಚುಕಟ್ಟು ಇನ್ನೂ ಹೆಚ್ಚಿತು. ಮನೆಯ ಬೀಗದ ಕೈಗಳಿಗೆಲ್ಲ ಚೀಟಿ ಅಂಟಿಸಿದಳು. ಗ್ಯಾಸಿನ ಪುಸ್ತಕ, ಮಗಳ ಅಂಕಪಟ್ಟಿ, ವಿಮೆಯ ಕಾಗದ ಎಲ್ಲವನ್ನೂ ಒಂದು ಡಬ್ಬದಲ್ಲಿಟ್ಟು, ಯಾವುದು ಎಲ್ಲಿದೆ ಎಂದು ಮಗಳಿಗೆ ತೋರಿಸಿದಳು. “ಇಷ್ಟು ವರ್ಷಕ್ಕೆ ಈ ಮನೆ ಆಫೀಸಿನ ಹಾಗಾಯ್ತು” ಎಂದು ಗಂಡ ಮೆಚ್ಚಿಕೊಂಡ. ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೇರೆಯವರಿಗೆ ಮುಟ್ಟಗೊಡದ ತನ್ನ ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಒಂದು ಸೋಮವಾರ ಹನ್ನೊಂದನೆಯ ಯಂತ್ರದ ಮೇಲೆ ಇಟ್ಟು ಬಂದಳು.

“ಏನಿದು? ನನ್ನ ದಾರ ಎಲ್ಲ ಜೋತಾಡ್ತಿವೆ ಅಂತ ಚುಚ್ಚೋದಾ?” ಎಂದಳು ಹನ್ನೊಂದು.

“ಇಲ್ಲಮ್ಮ. ಇಟ್ಕೋ.”

ಹನ್ನೊಂದು ಕತ್ತರಿಯನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದಳು. ಹನ್ನೆರಡು ವರ್ಷದಲ್ಲಿ ಅವಳಿಗೆ ಆ ಮೇಜಿನ ಕಡೆಯಿಂದ ಅಮ್ಮ ಎನಿಸಿಕೊಂಡು ಅಭ್ಯಾಸವಿರಲಿಲ್ಲ.

ಆ ಶುಕ್ರವಾರ ಸನ್ಮಾನ ನಡೆಯಿತು. ಸೊನ್ನೆಯ ಗೆರೆಯನ್ನು ಕಣ್ಣಾರೆ ನೋಡಲು ಮಾಲೀಕನೇ ಬಂದಿದ್ದ. ಚೆಕ್ಕರಮ್ಮನ ಕೈಗೆ ಒಂದು ಫಲಕ ಕೊಟ್ಟು, ಎರಡು ಮಾತಾಡಿ ಎಂದರು. ಅವಳು ಮೈಕಿನ ಮುಂದೆ ನಿಂತು ಬಹಳ ಹೊತ್ತು ಯೋಚಿಸಿ, “ಏನೂ ಇಲ್ಲ” ಎಂದಳು. ವಿನಯವೆಂದರೆ ಹೀಗಿರಬೇಕು ಎಂದು ಮಾಲೀಕ ಚಪ್ಪಾಳೆ ತಟ್ಟಿದ. ನಲವತ್ತೊಂದು ಜನ ಜೊತೆಗೂಡಿದರು.

ಭಾನುವಾರ ಬೆಳಿಗ್ಗೆ ಹತ್ತೂ ಕಾಲಿಗೆ ಮನೆಯ ಬಾಗಿಲು ಬಡಿಯಿತು. ಚೆಕ್ಕರಮ್ಮ ಒಳಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು. ಸ್ನಾನಕ್ಕೆ ಹೋಗಬೇಕೆಂದು ಎದ್ದು ಕೂತು ಒಂದೂವರೆ ಗಂಟೆಯಾಗಿತ್ತು. ಬಾಗಿಲು ತೆರೆದ ಅತ್ತೆಯ ದನಿ ಕೇಳಿಸಿತು.

“ಯಾರಮ್ಮಾ ನೀನು?”

“ನಿಮ್ಮ ಸೊಸೆ ಹತ್ರ ಹನ್ನೆರಡು ವರ್ಷದಿಂದ ಬೈಸಿಕೊಳ್ತಿರೋಳು. ಒಳಗೆ ಬರಬಹುದಾ?” ಎನ್ನುತ್ತ ಹನ್ನೊಂದು ಅದಾಗಲೇ ಒಳಗೆ ಬಂದಿದ್ದಳು. ಪತ್ರಿಕೆ ಓದುತ್ತಿದ್ದ ಗಂಡ ಕಾಲು ನೆಟ್ಟಗೆ ಮಾಡಿಕೊಂಡ. ಚೆಕ್ಕರಮ್ಮ ಗೋಡೆ ಹಿಡಿದು ಹೊರಗೆ ಬರುವಷ್ಟರಲ್ಲಿ ಹನ್ನೊಂದು ಚೀಲದಿಂದ ಒಂದು ಬಿಳಿ ಕೋಟನ್ನು ತೆಗೆದು ಗಂಡನ ಮಡಿಲಿಗೆ ಹಾಕಿದ್ದಳು.

“ಸ್ವಾಮಿ, ಇದರ ಜೇಬಿಗೆ ಒಂದು ಸಲ ಕೈ ಹಾಕಿ.”

ಗಂಡ ಹಾಕಿದ. ಹೋಗಲಿಲ್ಲ. “ಇದೇನ್ರೀ, ಜೇಬಿನ ಬಾಯನ್ನೇ ಹೊಲಿದುಬಿಟ್ಟಿದೆ?”

“ಗುಂಡಿ ಎಣಿಸಿ. ಐದು. ಕಾಜ ಎಣಿಸಿ. ನಾಲ್ಕು. ಎಡಗಡೆ ತೋಳು ನೋಡಿ, ಒಳಮೈ ಹೊರಗಿದೆ.”

“ಯಾವ ಕುರುಡಿ ಹೊಲಿದಿದ್ದಮ್ಮಾ ಇದನ್ನ?” ಎಂದರು ಅತ್ತೆ.

“ನಾನೇ, ಬೇಕು ಅಂತಲೇ. ಮೊನ್ನೆ ಸನ್ಮಾನದ ದಿನ ಬೆಳಿಗ್ಗೆ ಹೊಲಿದು ಕಳಿಸಿದೆ. ಇವರು ಪಾಸು ಮಾಡಿದಾರೆ. ಆ ರಾಶಿಯಿಂದಲೇ ಎತ್ತಿಕೊಂಡು ಬಂದೆ.”

ಚೆಕ್ಕರಮ್ಮ ಆ ಕೋಟನ್ನು ನೋಡಿದಳು. ಅದು ತನ್ನ ಕೈಯ ಮೇಲೆ ಹಾದುಹೋದ ನೆನಪೇ ಅವಳಿಗಿರಲಿಲ್ಲ.

“ಕಣ್ತಪ್ಪು ಎಲ್ಲರಿಗೂ ಆಗುತ್ತೆ” ಎಂದ ಗಂಡ, ಸಮಾಧಾನದ ದನಿಯಲ್ಲಿ.

“ಕಣ್ತಪ್ಪಾ? ಅಂಚಿನ ಮಡಿಕೆ ಕೂದಲೆಳೆಯಷ್ಟು ಓರೆ ಅಂತ ನನ್ನ ಕೈಲಿ ಒಂದೇ ದಿನ ಇಪ್ಪತ್ತಾರು ಚಡ್ಡಿ ಬಿಚ್ಚಿಸಿದೋರು ಸ್ವಾಮಿ ಇವರು! ಇವರಿಗೆ ಕಣ್ತಪ್ಪಾಗೋದಾದ್ರೆ ನಾನು ಹನ್ನೆರಡು ವರ್ಷ ಯಾಕೆ ಅಳ್ತಾ ಇದ್ದೆ?” ಹನ್ನೊಂದು ಸೊಂಟದಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. ಮೂಲೆಗಳಲ್ಲಿ ಮೊಳೆಯ ತೂತುಗಳಿದ್ದವು. “ಇದನ್ನೂ ಓದಿ. ಜೋರಾಗಿ ಓದಿ, ಅಮ್ಮೋರಿಗೂ ಕೇಳಲಿ.”

ಗಂಡ ಕಲಿಸುವವನ ಸ್ಪಷ್ಟವಾದ ದನಿಯಲ್ಲಿ ಓದತೊಡಗಿದ. ಪ್ರತಿ ಪ್ರಶ್ನೆಗೂ ಕೊನೆಯಲ್ಲಿ “ಹೌದು” ಎಂದು ಸೇರಿಸುತ್ತ ಹೋದ. ಆರನೆಯದಕ್ಕೆ ದನಿ ಇಳಿಯಿತು. ಎಂಟು ಮುಗಿಸಿ ನಿಲ್ಲಿಸಿದ.

“ಓದೋ. ಇನ್ನೂ ಒಂದಿದೆಯಲ್ಲ” ಎಂದರು ಅತ್ತೆ.

ಅವನು ಹಾಳೆಯನ್ನು ಕೋಟಿನ ಮೇಲೆ ಬೋರಲು ಹಾಕಿದ. ಬಲಗಾಲು ನೆಲವನ್ನು ಒತ್ತಿಕೊಂಡೇ ಇತ್ತು.

“ಮಾದರಿ ಅಂತ ಗೋಡೆ ಮೇಲಿತ್ತು” ಎಂದಳು ಹನ್ನೊಂದು. “ಅದರ ಕೆಳಗೇ ನಿಂತು ನಾವೆಲ್ಲ ಟೀ ಕುಡಿದಿದೀವಿ. ನಾನು ಓದಿದ್ದು ಇವರ ಮೇಲಿನ ಪ್ರೀತಿಗೇನಲ್ಲ. ಮಹಾ ಮಾದರಿಯಂತೆ, ಒಂದಾದ್ರೂ ತಪ್ಪು ಸಿಗದೇ ಇರುತ್ತಾ, ಸಿಕ್ಕಿದ್ರೆ ಕೆಂಪು ದಾರ ಕಟ್ಟಿ ನೇತುಹಾಕ್ತೀನಿ ಅಂತ ಒಂದೊಂದೇ ಸಾಲು ಓದಿದೆ. ಓದಿದ ಮೇಲೆ ಟೀ ಚೆಲ್ಲಿ ಬಂದುಬಿಟ್ಟೆ. ಆದರೂ ಅನುಮಾನ. ಅದಕ್ಕೇ ಈ ಕೋಟು.”

“ನಮ್ಮ ಮನೇಲಿ ಅವಳಿಗೇನಮ್ಮಾ ಕಡಿಮೆಯಾಗಿದೆ?” ಅತ್ತೆಯ ದನಿ ಏರಿತು. “ಉಣ್ಣೋಕಿದೆ, ಉಡೋಕಿದೆ. ನಾನು ಒಂದು ಮಾತು ಜೋರಾಗಿ ಆಡಲ್ಲ. ಅವಳೂ ಆಡಲ್ಲ.”

“ಅದೇ ಅಮ್ಮಾ ನಾನೂ ಹೇಳ್ತಿರೋದು. ಇವರು ಆಡಲ್ಲ.” ಹನ್ನೊಂದು ಚೆಕ್ಕರಮ್ಮನ ಕಡೆ ತಿರುಗಿದಳು. “ಮೇಡಮ್ಮೋರೇ, ನಂಗೆ ಕತ್ತರಿ ಯಾಕೆ ಕೊಟ್ರಿ?”

ಚೆಕ್ಕರಮ್ಮನಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. “ನನಗಿನ್ನು ಬೇಕಾಗಲ್ಲ ಅನ್ನಿಸ್ತು” ಎಂದಳು.

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳ ಕಣ್ಣು ಕಪಾಟಿನ ಮೇಲಿದ್ದ ಕಾಗದಪತ್ರದ ಡಬ್ಬದ ಕಡೆ ಹೋಯಿತು. ಮರುಗಳಿಗೆ ಅವಳು ಓಡಿಬಂದು ಅಮ್ಮನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನಾಳೆಯೇ ದೊಡ್ಡಾಸ್ಪತ್ರೆಯ ಮನಸ್ಸಿನ ವಿಭಾಗಕ್ಕೆ ಹೋಗಬೇಕೆಂದು ಹನ್ನೊಂದು ಹೇಳಿದಾಗ ಗಂಡ ಗಾಬರಿಯಾದ. “ಅಲ್ಲಿಗಾ? ಯಾರಾದ್ರೂ ನೋಡಿದ್ರೆ ಏನಂತಾರೆ?”

“ಕಣ್ಣಿನ ಡಾಕ್ಟರ ಹತ್ರ ಹೋಗಿದಾರೆ ಅಂತ ಹೇಳಿ. ಇವರಿಗೆ ತಪ್ಪು ಕಾಣ್ತಿಲ್ಲ, ಸುಳ್ಳೇನಲ್ಲವಲ್ಲ” ಎಂದಳು ಅವಳು. ಅತ್ತೆಗೆ ಇದು ಒಪ್ಪಿಗೆಯಾಯಿತು. ಸಂಜೆಯ ಹೊತ್ತಿಗೆ ಪಕ್ಕದ ಮನೆಯವರಿಗೆ ಸೊಸೆಯ ದೃಷ್ಟಿದೋಷದ ವಿವರಗಳೆಲ್ಲ ತಲುಪಿದ್ದವು. ಆ ರಾತ್ರಿ ಮಗಳು ಅಮ್ಮನ ಪಕ್ಕದಲ್ಲೇ ಮಲಗಿದಳು.

ಸೋಮವಾರ ಡಾಕ್ಟರಮ್ಮ ಮೊದಲು ಗಂಡಹೆಂಡಿರನ್ನು ಒಟ್ಟಿಗೆ ಕೂರಿಸಿಕೊಂಡರು. ಏನಾಗಿದೆ ಎಂದು ಹೆಂಡತಿಯನ್ನು ಕೇಳಿದರೆ ಗಂಡ ಉತ್ತರಿಸಿದ. “ಏನೂ ಆಗಿಲ್ಲ ಡಾಕ್ಟ್ರೇ. ನಿಜ ಹೇಳಬೇಕಂದ್ರೆ ಎರಡು ತಿಂಗಳಿಂದ ಬಹಳ ಸುಧಾರಿಸಿದಾಳೆ.”

“ಹೌದಾ? ಏನೇನು ಸುಧಾರಿಸಿದೆ ಹೇಳಿ” ಎಂದು ಡಾಕ್ಟರಮ್ಮ ಪೆನ್ನು ತೆಗೆದರು.

“ಬೆಳಗ್ಗೆ ಮೂರೂವರೆಗೇ ಏಳ್ತಾಳೆ.” ಡಾಕ್ಟರಮ್ಮ ಬರೆದುಕೊಂಡರು. “ಊಟ ಮಿತ.” ಅದನ್ನೂ ಬರೆದುಕೊಂಡರು. “ಮಾತು ಕಡಿಮೆ. ಯಾವುದಕ್ಕೂ ಹಟ ಇಲ್ಲ. ಮೊದಲು ರೇಡಿಯೋ ಹಾಕಿಕೊಂಡು ಕೂರೋಳು, ಈಗ ಅದೂ ಬೇಡ. ನೆಂಟರ ಮನೆ, ಪೇಟೆ, ತಿರುಗಾಟ ಏನೂ ಇಲ್ಲ. ಮನೇ ಕಾಗದಪತ್ರ ಎಲ್ಲ ಮಗಳಿಗೆ…” ಪೆನ್ನು ತಾನು ಹೇಳಿದ ಒಂದೊಂದು ಮಾತಿಗೂ ಓಡುತ್ತಿರುವುದನ್ನು ಅವನು ನೋಡಿದ. ಕಲಿಯುವವನು ತಪ್ಪು ದಾರಿಯಲ್ಲಿ ಬಹಳ ದೂರ ಹೋದಮೇಲೆ, ದಾರಿ ತೋರಿಸುತ್ತಿದ್ದವನು ತಾನೇ ಎಂದು ಹೊಳೆದವನಂತೆ ಅವನ ಮುಖ ಕಂದಿತು.

“ನಿಲ್ಲಿಸಿದ್ರಲ್ಲ?”

“ಇವೆಲ್ಲ ಕಾಯಿಲೆನಾ ಡಾಕ್ಟ್ರೇ?”

“ಒಂದೊಂದೇ ಆದ್ರೆ ಯಾರಿಗೆ ಬೇಕಾದ್ರೂ ಬಂದು ಹೋಗುತ್ತೆ. ಇಷ್ಟೂ ಸೇರಿ, ದಿನವೂ, ಎರಡು ವಾರ ಮೀರಿ ನಿಂತ್ರೆ ಖಿನ್ನತೆ. ಸೋಮಾರಿತನಾನೂ ಅಲ್ಲ, ಸಾಧುತನಾನೂ ಅಲ್ಲ. ಸ್ವಲ್ಪ ಹೊರಗೆ ಕೂತಿರಿ.”

ಬಾಗಿಲು ಮುಚ್ಚಿದ ಮೇಲೆ ಡಾಕ್ಟರಮ್ಮ ಪೆನ್ನನ್ನು ಕೆಳಗಿಟ್ಟರು. “ಬದುಕೋದು ಸಾಕು ಅನ್ನಿಸಿದೆಯಾ?” ಎಂದು ಟೀ ಕುಡಿದಿರಾ ಎನ್ನುವಷ್ಟೇ ಸಾದಾ ದನಿಯಲ್ಲಿ ಕೇಳಿದರು. ಕೇಳಿ ಸುಮ್ಮನೆ ಕಾದರು. ಚೆಕ್ಕರಮ್ಮ ಗೋಡೆ ನೋಡಿದಳು, ಕಿಟಕಿ ನೋಡಿದಳು, ಹೊರಗೆ ಸರದಿಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೆಂದು ಯೋಚಿಸಿದಳು. ಡಾಕ್ಟರಮ್ಮ ಕಾಯುತ್ತಲೇ ಇದ್ದರು.

“ಹೌದು” ಎಂದಳು. ತನ್ನ ದನಿಯನ್ನು ಕೇಳಿ ಅವಳಿಗೇ ಅಚ್ಚರಿಯಾಯಿತು. “ಸಾಯಬೇಕು ಅಂತ ಅಲ್ಲ ಮೊದಮೊದಲು. ಬೆಳಗ್ಗೆ ಏಳದೇ ಇದ್ರೆ ಸಾಕು ಅಂತ. ಆಮೇಲೆ… ಹೇಗೆ ಅಂತಾನೂ ಯೋಚನೆ ಬಂತು.” ಉಳಿದದ್ದನ್ನು ಹೇಳಲು ಇಪ್ಪತ್ತು ನಿಮಿಷ ಹಿಡಿಯಿತು. ಎರಡು ತಿಂಗಳಲ್ಲಿ ಅವಳು ಒಟ್ಟಾರೆ ಆಡಿದ್ದಕ್ಕಿಂತ ಅದು ಹೆಚ್ಚಿನ ಮಾತು. ನಡುವೆ ಎಲ್ಲೋ ಅಳು ಬಂತು. ಡಾಕ್ಟರಮ್ಮ ಅದಕ್ಕೂ ಸಮಯ ಕೊಟ್ಟರು.

“ಕಾರಣ ಏನೂ ಇಲ್ಲ ಡಾಕ್ಟ್ರೇ. ಅದೇ ನಾಚಿಕೆ.”

“ಸಕ್ಕರೆ ಕಾಯಿಲೆಯೋರು ಕಾರಣ ತೋರಿಸಿ ಕಾಯಿಲೆ ತರಿಸಿಕೊಳ್ತಾರಾ? ಕೆಲವರಿಗೆ ಕಾರಣ ಇರುತ್ತೆ, ಕೆಲವರಿಗೆ ಇರಲ್ಲ. ಔಷಧಿ ಇಬ್ಬರಿಗೂ ಇದೆ” ಎಂದರು ಡಾಕ್ಟರಮ್ಮ. ಗಂಡನನ್ನೂ, ಅಂದು ಕೆಲಸಕ್ಕೆ ರಜೆ ಹಾಕಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹನ್ನೊಂದನ್ನೂ ಒಳಗೆ ಕರೆದರು. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬಾರದು, ಮಾತ್ರೆಯ ಪೊಟ್ಟಣ ಇನ್ನೊಬ್ಬರ ವಶದಲ್ಲಿರಬೇಕು, ವಾರಕ್ಕೊಮ್ಮೆ ಬಂದು ಮಾತಾಡಬೇಕು, ಮನಸ್ಸು ತೀರ ಕೆಟ್ಟರೆ ದಿನ ನೋಡದೆ ಬರಬೇಕು ಎಂದರು. “ಸಾಯೋ ಯೋಚನೆ ಇದೆಯಾ ಅಂತ ದಿನಾ ಬಾಯಿಬಿಟ್ಟು ಕೇಳಿ. ಕೇಳಿದ್ರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತೆ ಅಂತ ಹೆದರಬೇಡಿ. ಕೇಳದೇ ಇದ್ದದ್ದರಿಂದಲೇ ಇಲ್ಲಿಯವರೆಗೂ ಬಂದಿದೆ.”

ಗಂಡನಿಗೆ ಆ ಮಾತನ್ನು ಬಾಯಿಬಿಟ್ಟು ಕೇಳಲು ಆಗಲಿಲ್ಲ. ಅವನು ಬೆಳಿಗ್ಗೆ ಹೊರಡುವಾಗ “ಎಲ್ಲಾ ಸರೀನಾ?” ಎಂದು ಬಾಗಿಲಿಗೆ ಕೇಳಿ ಹೋಗುತ್ತಿದ್ದ, ಆದರೆ ಮಾತ್ರೆಗಳನ್ನು ಮಾತ್ರ ಹೊತ್ತು ತಪ್ಪದೆ ತನ್ನ ಕೈಯಿಂದಲೇ ಕೊಟ್ಟ, ಮಧ್ಯಾಹ್ನದ ಪಾಠಗಳನ್ನು ಬಿಟ್ಟು ಮನೆಗೆ ಬರತೊಡಗಿದ. ಕೇಳುವ ಕೆಲಸ ಮಗಳದಾಯಿತು, ಭಾನುವಾರಗಳಲ್ಲಿ ಹನ್ನೊಂದರದಾಯಿತು. ಆಸ್ಪತ್ರೆಯವರು ಕಾರ್ಖಾನೆಗೆ ಮುನ್ನೂರು ಕೋಟುಗಳನ್ನು ವಾಪಸು ಕಳಿಸಿದರೆಂದೂ, ಮ್ಯಾನೇಜರು ಅದಕ್ಕೆ ಹೊಸ ಸೂಜಿಗಳೇ ಕಾರಣವೆಂದು ಮಾಲೀಕನಿಗೆ ಬರೆದನೆಂದೂ ಅವಳು ವರದಿ ತಂದಳು. ಚೆಕ್ಕರಮ್ಮ ನಗಲಿಲ್ಲ. ಎರಡನೆಯ ವಾರ ನಿದ್ದೆ ಮರಳಿತು, ಹಗಲು ಮರಳಲಿಲ್ಲ. ಮೂರನೆಯ ವಾರ ಒಂದು ದಿನ ಮತ್ತೆ ತೀರ ಕೆಟ್ಟಿತು. ಡಾಕ್ಟರಮ್ಮ ಹೇಳಿದಂತೆ ದಿನ ನೋಡದೆ ಹೋಗಿಬಂದರು.

ಆರನೆಯ ವಾರ ಅತ್ತೆ ತಮ್ಮ ತಂಗಿಗೆ ಫೋನ್ ಮಾಡಿ, ಈ ಬಾರಿ ಬಾಗಿಲು ಹಾಕಿಕೊಂಡು, “ಆ ಮಾತ್ರೆ ಯಾಕೋ ಸರಿಯಿಲ್ಲ ಕಣೇ. ನಿನ್ನೆ ನಾನು ನಿನ್ನ ಮದುವೆ ಕಥೆ ಹೇಳ್ತಿದ್ರೆ, ಹೋದ ಸಲ ಹೇಳುವಾಗ ಬಸ್ಸು ಕೆಟ್ಟಿರಲಿಲ್ಲವಲ್ಲ ಅತ್ತೇ ಅಂದ್ಲು” ಎಂದರು. ಫೋನ್ ಇಡುವ ಮೊದಲು, “ಅಂದ್ಲು ಸದ್ಯ” ಎಂದೂ ಸೇರಿಸಿದರು. ಅದು ದೂರೋ, ನೆಮ್ಮದಿಯೋ, ಆ ತಂಗಿಗೆ ತಿಳಿಯಲಿಲ್ಲ.

ಅದರ ಮುಂದಿನ ಭಾನುವಾರ ಹನ್ನೊಂದು ಬಂದು, ತಾನೇ ಅಡುಗೆಮನೆಗೆ ನುಗ್ಗಿ ಎರಡು ಲೋಟ ಟೀ ಮಾಡಿ ತಂದು, ಮೆಟ್ಟಿಲ ಮೇಲೆ ಚೆಕ್ಕರಮ್ಮನ ಪಕ್ಕದಲ್ಲಿ ಕೂತಳು.

“ಹೂಂ, ಹೇಳಿ. ಸಾಯೋ ಯೋಚನೆ ಬಂತಾ?”

ಚೆಕ್ಕರಮ್ಮ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಯೋಚಿಸಿದಳು. ಸರಿಯಾದ ಉತ್ತರ ಕೊಡಬೇಕೆಂಬ ಆಸೆ ಅವಳಲ್ಲಿ ಬಹಳ ದಿನಗಳ ಮೇಲೆ ಕಾಣಿಸಿಕೊಂಡಿತ್ತು.

“ಬುಧವಾರ ಬಂದಿತ್ತು. ಆಮೇಲೆ ಇಲ್ಲ. ಇವತ್ತು ಇಲ್ಲ. ನಾಳೆದು ಗೊತ್ತಿಲ್ಲ.”

“ನಾಳೆದನ್ನ ನಾಳೆ ನಿಮ್ಮ ಮಗಳು ಕೇಳ್ತಾಳೆ ಬಿಡಿ. ಟೀ ಕುಡೀರಿ, ಆರಿಹೋಗುತ್ತೆ.”

ಚೆಕ್ಕರಮ್ಮ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. “ಇದಕ್ಕೆ ಸಕ್ಕರೆ ಹಾಕಿದೀಯಾ, ಇಲ್ಲ ಡಬ್ಬ ತೋರಿಸಿ ತಂದಿದೀಯಾ?”

“ಮಾಡಿಕೊಟ್ಟಿದ್ದನ್ನ ಕುಡಿಯೋಕೂ ನಿಮಗೆ ರೋಗ” ಎಂದು ಬೈಯುತ್ತ ಹನ್ನೊಂದು ಎದ್ದು ಸಕ್ಕರೆ ತರಲು ಒಳಗೆ ಹೋದಳು. ಒಳಗಿನಿಂದ ಡಬ್ಬಗಳು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು.